ಹಿಂದಿನ ಬೆಂಚು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕರ್ತನ ಕೃಪೆಯಿಂದ ನಾವಿಬ್ಬರೂ ಕ್ಷೇಮ. ನಿನ್ನ ದೊಡ್ಡಮ್ಮನ ಮೊಣಕಾಲು ಮಾತ್ರ ಧಾರವಾಡದ ಮಳೆಯ ಮೇಲೆ ಮುನಿಸಿಕೊಂಡಿದೆ.

ನೀನು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಮೂರು ಸಲ ಓದಿದೆ. ವಾರ್ಡಿನ ಇನ್‌ಚಾರ್ಜ್ ಹುದ್ದೆಗೆ ಅರ್ಜಿ ಹಾಕು ಎಂದು ಮೇಟ್ರನ್ನೇ ಹೇಳಿದರೂ, "ನನಗ್ಯಾಕೆ ಆ ದೊಡ್ಡಸ್ತಿಕೆ, ಕ್ರೈಸ್ತಳಾದವಳು ತಗ್ಗಿ ನಡೆಯಬೇಕು" ಅಂದೆಯಂತೆ. ಅದರ ಕೆಳಗೇ ಇನ್ನೊಂದು ಸಾಲು: ಹೊಸದಾಗಿ ಸೇರಿದ ಹುಡುಗಿಗೆ ಸಾಲಾಗಿ ಏಳು ನೈಟ್ ಡ್ಯೂಟಿ ಹಾಕಿದ್ದಾರೆ, ಡ್ರಿಪ್ ಬಾಟಲಿ ಬದಲಿಸುವಾಗ ಆ ಮಗು ನಿಂತಲ್ಲೇ ತೂಕಡಿಸುತ್ತಿತ್ತು ಅಂತ. ಈ ಎರಡು ಸಾಲಿಗೂ ಸಂಬಂಧವಿದೆ ಎಂದು ನಿನಗೆ ಹೊಳೆದಂತಿಲ್ಲ.

ನಿನಗೆ ಬುದ್ಧಿ ಹೇಳುವ ಮೊದಲು ನನ್ನದೊಂದು ಕಥೆ ಕೇಳು. ನನಗೆ ನಲವತ್ತಾಗಿದ್ದಾಗ ನಮ್ಮ ಚರ್ಚಿನ ಕ್ವಾಯರ್, ಅಂದರೆ ಹಾಡುವ ತಂಡ, ನಡೆಸುತ್ತಿದ್ದ ಹಿರಿಯರು ತೀರಿಕೊಂಡರು. ಪಾದ್ರಿ ಅಯ್ಯನವರು ಮನೆಗೇ ಬಂದು, ಇನ್ನು ನೀವು ವಹಿಸಿಕೊಳ್ಳಿ ಅಂದರು. ನನಗೆ ಆಸೆ ಗಂಟಲತನಕ ಇತ್ತು. ಆದರೂ "ಅಯ್ಯೋ, ನಾನೆಲ್ಲಿ, ಆ ಜಾಗವೆಲ್ಲಿ" ಅಂದೆ. ಇನ್ನೆರಡು ಸಲ ಒತ್ತಾಯ ಮಾಡುತ್ತಾರೆ, ಆಗ ಒಪ್ಪಿಕೊಂಡರಾಯಿತು ಎಂಬ ಲೆಕ್ಕ. ಪಾಪ, ಅವರು ಸರಳ ಮನುಷ್ಯ, ನನ್ನ ಮಾತನ್ನು ನಂಬಿಬಿಟ್ಟರು. ಚಹಾ ಕುಡಿದು, ಪ್ರಾರ್ಥನೆ ಮಾಡಿ ಎದ್ದು ಹೋದರು. ಮುಂದಿನ ಭಾನುವಾರ ನೋಡಿದರೆ ನನಗಿಂತ ಹತ್ತು ವರ್ಷ ಚಿಕ್ಕವನೊಬ್ಬ ಆರ್ಗನ್ ಪಕ್ಕ ನಿಂತಿದ್ದಾನೆ! ಎರಡು ವರ್ಷ ನಾನು ಕಟ್ಟಕಡೆಯ ಬೆಂಚಿನಲ್ಲಿ ಕೂತೆ. ನೋಡಿದವರು ಎಷ್ಟು ದೀನ ಮನುಷ್ಯ ಅಂದುಕೊಂಡಿರಬೇಕು. ನಾನಲ್ಲಿ ಕೂತು ಮಾಡುತ್ತಿದ್ದ ಕೆಲಸ ಒಂದೇ, ಗಂಡಸರ ಮೇಲಿನ ದನಿ ಟೆನರ್ ಎಲ್ಲೆಲ್ಲಿ ಸ್ವರ ತಪ್ಪಿತು ಎಂದು ಎಣಿಸುವುದು. ಔತಣದಲ್ಲಿ ಕಡೆಯ ಜಾಗದಲ್ಲಿ ಕೂತುಕೋ ಎಂದ ಬೈಬಲಿನ ಲೂಕನ 14ನೇ ಅಧ್ಯಾಯದ ಮಾತನ್ನೇ ಮುಂದಕ್ಕೆ ಕರೆಸಿಕೊಳ್ಳುವ ಉಪಾಯ ಮಾಡಿಕೊಳ್ಳುವವರು ನಾವು.

ಆ ದಿನಗಳಲ್ಲಿ ಮಾರ್ಕನ 10ನೇ ಅಧ್ಯಾಯ ನನ್ನನ್ನು ಚುಚ್ಚಿತು. ಯೇಸುವಿನ ಶಿಷ್ಯರಾದ ಯಾಕೋಬ, ಯೋಹಾನ ಇಬ್ಬರೂ ಆತನ ಬಳಿ ಬಂದು, ನಿನ್ನ ಬಲಗಡೆ ಒಬ್ಬನಿಗೆ, ಎಡಗಡೆ ಒಬ್ಬನಿಗೆ ಜಾಗ ಕೊಡು ಅಂತ ಕೇಳುತ್ತಾರೆ. (ಮತ್ತಾಯನ ಪ್ರಕಾರ ಕೇಳಿದ್ದು ಅವರ ತಾಯಿ. ನಿನ್ನ ಅಜ್ಜಿ ಅಲ್ಲಿದ್ದಿದ್ದರೆ ಮೂರನೇ ಕುರ್ಚಿಯನ್ನೂ ಕೇಳುತ್ತಿದ್ದಳು.) ಉಳಿದ ಹತ್ತು ಮಂದಿಗೆ ಸಿಟ್ಟು ಬಂತು. ದೀನರಾಗಿದ್ದರೆ ಸಿಟ್ಟು ಯಾಕೆ ಬರಬೇಕಿತ್ತು? ಅವರ ಕಣ್ಣೂ ಆ ಕುರ್ಚಿಗಳ ಮೇಲೇ ಇತ್ತು, ಬಾಯಿ ಬಿಟ್ಟಿರಲಿಲ್ಲ ಅಷ್ಟೆ. ಯೇಸುಸ್ವಾಮಿ ದೊಡ್ಡವನಾಗುವ ಆಸೆಯನ್ನೇ ಬಿಡಿ ಅನ್ನಲಿಲ್ಲ ನೋಡು. ನಾನು ಕುಡಿಯುವ ಕಷ್ಟದ ಪಾತ್ರೆಯಲ್ಲಿ ಕುಡಿಯುವುದು ನಿಮ್ಮಿಂದಾದೀತೇ ಎಂದು ಕೇಳಿದ. ದೊಡ್ಡವನಾಗಬೇಕೆನ್ನುವವನು ಸೇವಕನಾಗಲಿ ಅಂದ. ಪೌಲನೂ ತಿಮೊಥೆಯನಿಗೆ ಬರೆಯುವಾಗ, ಸಭಾಧ್ಯಕ್ಷನಾಗಲು, ಅಂದರೆ ಕ್ರೈಸ್ತ ಸಭೆಯನ್ನು ನಡೆಸಲು, ಬಯಸುವವನು ಒಳ್ಳೆಯ ಕೆಲಸವನ್ನೇ ಬಯಸುತ್ತಾನೆ ಎನ್ನುತ್ತಾನೆ. ಬಯಸುವುದು ತಪ್ಪೆಂದು ನಮಗೆ ಕಲಿಸಿದವರು ಯಾರೋ ಕಾಣೆ.

ಯೋಹಾನನ 13ನೇ ಅಧ್ಯಾಯದಲ್ಲಿ ಶಿಷ್ಯರ ಕಾಲು ತೊಳೆಯುವ ಮುಂಚಿನ ವಾಕ್ಯವನ್ನು ನಾವು ಓಡಿಸಿಕೊಂಡು ಓದುತ್ತೇವೆ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರಿಂದ ಬಂದವನು ಎಂದು ತಿಳಿದೇ ಯೇಸುಸ್ವಾಮಿ ಊಟದಿಂದ ಎದ್ದು, ನಡುವಿಗೆ ಬಟ್ಟೆ ಕಟ್ಟಿಕೊಂಡು, ಬೋಗುಣಿಗೆ ನೀರು ಸುರಿದದ್ದು. "ನಾನೆಲ್ಲಿ" ಅನ್ನುತ್ತಾ ಬಗ್ಗಿದ್ದಲ್ಲ. ತಾನು ಯಾರೆಂದು ಗೊತ್ತಿದ್ದವನಿಗೆ ಯಾರ ಕಾಲಿಗೆ ಬಗ್ಗಿದರೂ ಏನೂ ಕಳೆದುಹೋಗುವುದಿಲ್ಲ. ನನಗೆ ಅದು ಗೊತ್ತಿರಲಿಲ್ಲ, ಅದಕ್ಕೇ ಅಷ್ಟು ನಾಟಕ.

ಕನ್ನಡ ಮಾಸ್ತರನಿಗೆ ನಿಘಂಟಿನ ಪಾದ್ರಿ ಕಿಟೆಲ್ ನೆನಪಾಗದೆ ಇರುತ್ತಾನೆಯೇ! 1853ರಲ್ಲಿ ಬಾಸೆಲ್ ಮಿಶನ್ ಕಳಿಸಿದಾಗ ಇಪ್ಪತ್ತೊಂದರ ಹುಡುಗ. ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ, 70,000ದಷ್ಟು ಪದ. ಸಣ್ಣ ಆಸೆಯವನ ಕೈಲಿ ಆಗುವ ಕೆಲಸವೇ ಅದು? ಆದರೆ ಯಾವ ಪುಟ ತೆರೆದರೂ ಅರ್ಥದ ಪಕ್ಕ ಆವರಣದಲ್ಲಿ ಚಿಕ್ಕ ಚಿಕ್ಕ ಅಕ್ಷರ ಕಾಣುತ್ತವೆ. ಈ ಪದ ವ್ಯಾಕರಣ ಬರೆದ ಕೇಶಿರಾಜನಲ್ಲಿ ಸಿಕ್ಕಿತು, ಇದು ಬಸವಪುರಾಣದ್ದು ಎಂಬ ಗುರುತು ಅದು. ಅಷ್ಟು ಪದಗಳಿಗೂ ಸಾಲ ಕೊಟ್ಟವರ ಹೆಸರು ಬರೆದಿಟ್ಟ ಹಾಗೆ. ದೀನತೆ ಅಂದರೆ ನನಗೆ ಈಗ ಆ ಆವರಣವೇ ಕಣ್ಣಿಗೆ ಬರುತ್ತದೆ.

ಇನ್ನು ನಿನ್ನ ವಿಷಯ. ಇನ್‌ಚಾರ್ಜ್ ಆದರೆ ಡ್ಯೂಟಿ ಪಟ್ಟಿ ಬರೆಯುವ ಪೆನ್ನು ನಿನ್ನ ಕೈಗೆ ಬರುತ್ತದೆ. ಆ ಹುಡುಗಿಗೆ ಏಳರ ಬದಲು ಮೂರು ರಾತ್ರಿ ಹಾಕಬಹುದು. ಕ್ರಿಸ್ಮಸ್ ರಾತ್ರಿ ಯಾರೂ ಸಿಗದಿದ್ದಾಗ ನಿನ್ನ ಹೆಸರನ್ನೇ ಬರೆದುಕೊಳ್ಳಬಹುದು. ಬರೆದುಕೊಳ್ಳಲು ಮನಸ್ಸಿದ್ದರೆ ಅರ್ಜಿ ಹಾಕು. ಇನ್‌ಚಾರ್ಜ್ ಅನ್ನುವ ಬ್ಯಾಡ್ಜಿಗಾಗಿಯೇ ಆದರೆ, ನೀನು ಬೇಡ ಅಂದದ್ದೇ ಸರಿ. ಎರಡೂ ಸ್ವಲ್ಪ ಸ್ವಲ್ಪ ಇದ್ದರೆ (ಇದ್ದೇ ಇರುತ್ತದೆ, ನೀನು ನಮ್ಮ ಮನೆಯವಳು) ಅದನ್ನೇ ಪ್ರಾರ್ಥನೆಯಲ್ಲಿ ಹೇಳಿಕೊಂಡು ಅರ್ಜಿ ಹಾಕು. ಪೂರ್ತಿ ಶುದ್ಧಳಾಗುವ ತನಕ ಕಾದರೆ ಆ ಹುಡುಗಿ ಕೆಲಸ ಬಿಟ್ಟು ಹೋಗಿರುತ್ತಾಳೆ.

ಶನಿವಾರ ಕೊನೆಯ ದಿನ ಅಂದಿದ್ದೆ. ಏನಾಯಿತೆಂದು ಫೋನ್ ಮಾಡು. ಕೆಲಸ ಸಿಗದಿದ್ದರೂ ಮಾಡು, ಹಿಂದಿನ ಬೆಂಚಿನಲ್ಲಿ ಕೂತು ಸ್ವರ ಎಣಿಸದೆ ಹಾಡುವುದನ್ನು ಆಮೇಲೆ ನಾನು ಕಲಿತಿದ್ದೇನೆ.

ನಿನ್ನ ದೊಡ್ಡಪ್ಪ