ಸೋಫಾ ಗೋಡೆ ಬಿಟ್ಟು ಬರಲಿ

ಪ್ರೀತಿಯ ಅಕ್ಕಾ,

ನಾವಿಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಸ್ವಲ್ಪ ಇಳಿದಿದೆ ಅಂತ ಭಾವ ಹೇಳಿದರು, ಸಮಾಧಾನವಾಯಿತು. ನೀನು ಕಳಿಸಿದ ಹೊಸ ಹಾಲ್‌ನ ಫೋಟೋ, ಅಳತೆ ಎರಡೂ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಕಾಗದವಾದರೆ ಸಾಮಾನು ಸರಿಸುವ ಹೊತ್ತಿಗೆ ಕೈಯಲ್ಲಿ ಹಿಡಿದು ನಿಲ್ಲಬಹುದು.

ಮೊದಲು ನನ್ನ ತಕರಾರು ಕೇಳು. ಸೋಫಾ, ಕುರ್ಚಿ, ಶೆಲ್ಫು ಎಲ್ಲವನ್ನೂ ಗೋಡೆಗೆ ಆನಿಸಿ ನಡುವೆ ಬಟಾಬಯಲು ಬಿಟ್ಟಿದ್ದೀಯ. ಜಾಗ ದೊಡ್ಡದಾಗಿ ಕಾಣಲಿ ಅಂತ ಎಲ್ಲರೂ ಮಾಡುವುದೇ ಇದು. ಆದರೆ ಎದುರುಬದುರು ಕೂತವರ ನಡುವೆ 8 ಅಡಿ ದಾಟಿತೆಂದರೆ ದನಿ ತಾನಾಗಿ ಏರುತ್ತದೆ. 10 ಅಡಿ ಆದರೆ ಹರಟೆ ಹೊಡೆಯುವ ಮನಸ್ಸೇ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುಂಬಾಗಿಲಿಂದ ಅಡುಗೆಮನೆಗೆ ಹೋಗುವವರೆಲ್ಲ ಕೂತವರ ಮಧ್ಯದಿಂದ, ಟಿ.ವಿ.ಗೆ ಅಡ್ಡಲಾಗಿ ಹಾಯಬೇಕು. ದಿನಕ್ಕೆ ಎಷ್ಟು ಸಲ ಅಂತ ನೀನೇ ಯೋಚಿಸು.

ಹಾಗಾಗಿ ಮೊದಲು ಓಡಾಡುವ ದಾರಿ ಗೊತ್ತುಮಾಡಿಕೊ, ಸೋಫಾ ಆಮೇಲೆ. ನಿಮ್ಮ ಹಾಲ್ 14 ಅಡಿಗೆ 20 ಅಡಿ. ಎರಡು ಬಾಗಿಲೂ ಒಂದೇ ಉದ್ದ ಗೋಡೆಯ ಪಕ್ಕಕ್ಕಿವೆ, ಅದು ಅದೃಷ್ಟ. ಆ ಗೋಡೆಯುದ್ದಕ್ಕೂ 3 ಅಡಿ ಖಾಲಿ ಬಿಡು. ಇಬ್ಬರು ಎದುರಾದರೂ ಓರೆಯಾಗಿ ದಾಟಬಹುದು. ಸೋಫಾದ ಬೆನ್ನು ಆ ದಾರಿಗೆ, ಮುಖ ಎದುರು ಗೋಡೆಯ ಟಿ.ವಿ.ಗೆ. ಸೋಫಾ ಒಳಚಾಚು 3 ಅಡಿ, ಟಿ.ವಿ. ಸ್ಟ್ಯಾಂಡು ಒಂದೂವರೆ ಅಡಿ ಕಳೆದರೆ ನಡುವೆ ಆರೂವರೆ ಅಡಿ ಉಳಿಯುತ್ತದೆ. ಟೀಪಾಯಿ, ಕಾಲು ಚಾಚುವುದು ಎಲ್ಲಕ್ಕೂ ಧಾರಾಳ. ಸೋಫಾದ ಬೆನ್ನು ಬಾಗಿಲ ಕಡೆಗೆ ಕಂಡರೆ ಚೆನ್ನಾಗಿರಲ್ಲ ಅಂತ ಭಾವ ಅಂದರೆ, ಅದರ ಹಿಂದೆ ಒಂದಡಿ ಅಗಲದ ಸಪೂರ ಮೇಜು ಇಡಬಹುದು ಅನ್ನು, ಆದರೆ ದಾರಿಯಲ್ಲಿ ಆ ಒಂದಡಿ ಹೋಗುತ್ತದೆ ಅನ್ನುವುದನ್ನೂ ಹೇಳು. ನನಗಂತೂ ಮೇಜು ಬೇಡ.

ಟೀಪಾಯಿ ಸೋಫಾದ ಅಂಚಿನಿಂದ 14ರಿಂದ 18 ಇಂಚು ದೂರ ಇರಲಿ. ಇನ್ನೂ ಹತ್ತಿರವಾದರೆ ಮೊಣಕಾಲಿಗೆ ಬಡಿಯುತ್ತದೆ, ದೂರವಾದರೆ ಲೋಟ ಇಡಲು ಬಗ್ಗಬೇಕು. ಎತ್ತರ ಸೋಫಾದ ಸೀಟಿನ ಮಟ್ಟಕ್ಕೆ ಅಥವಾ ಒಂದೆರಡು ಇಂಚು ಕೆಳಗೆ. ಉದ್ದ ಸೋಫಾದ ಮೂರರಲ್ಲಿ ಎರಡು ಪಾಲು. ನಿಮ್ಮದು 7 ಅಡಿ ಸೋಫಾ, ಅಂದರೆ ನಾಲ್ಕೂವರೆ ಅಡಿಯದು ಸಾಕು. ಗಾಜಿನದು ಮಾತ್ರ ತರಬೇಡ. ದಿನಾ ಬೆರಳಚ್ಚು ಒರೆಸುವ ಕೆಲಸ ಯಾರಿಗೆ ಬೇಕು!

ಈಗ ರತ್ನಗಂಬಳಿಯ ವಿಷಯ. ನಿನಗೆ ಇಷ್ಟವಾಗಿದೆ ಅಂತ ತೋರಿಸಿದ 4 ಅಡಿಗೆ 6 ಅಡಿಯದು ಬಣ್ಣದಲ್ಲಿ ಚಂದ, ಆದರೆ ಹಾಲ್‌ಗೆ ಆಗಲ್ಲ. ಟೀಪಾಯಿಯ ಕೆಳಗೆ ಅಂಚೆಚೀಟಿ ಅಂಟಿಸಿದ ಹಾಗೆ ಕಾಣುತ್ತದೆ. ಕಂಬಳಿಯ ಅಳತೆ ಹಿಡಿಯಬೇಕಾದದ್ದು ಖಾಲಿ ನೆಲದಿಂದಲ್ಲ, ಕೂರುವ ಗುಂಪಿನಿಂದ. ಸೋಫಾ ಮತ್ತು ಕುರ್ಚಿಗಳ ಮುಂಗಾಲುಗಳಾದರೂ ಅದರ ಮೇಲೆ ಬರಬೇಕು. ಆಗ ಬಿಡಿಬಿಡಿಯಾಗಿ ನಿಂತ ಸಾಮಾನೆಲ್ಲ ಒಂದು ಕುಟುಂಬವಾಗುತ್ತದೆ. ನಿಮ್ಮ ಲೆಕ್ಕಕ್ಕೆ 6 ಅಡಿಗೆ 9 ಅಡಿ ಸರಿ: ಉದ್ದದ ಬದಿ ಸೋಫಾಕ್ಕೆ ಸಮಾನಾಂತರ, ಎರಡು ಕಡೆಗೂ ಒಂದೊಂದು ಅಡಿ ಹೊರಗೆ, ಸೋಫಾದ ಕೆಳಗೆ ಒಂದಡಿ ಒಳಗೆ. ಆಗ ಟಿ.ವಿ. ಸ್ಟ್ಯಾಂಡಿನ ಮುಂದೆ ಒಂದೂವರೆ ಅಡಿ ಬರಿ ನೆಲ ಉಳಿಯುತ್ತದೆ. ಆ ಬರಿ ನೆಲ ಬೇಕು. ಗೋಡೆಯಿಂದ ಗೋಡೆಗೆ ಮುಚ್ಚಿದರೆ ಕೋಣೆ ಕುಗ್ಗಿದ ಹಾಗೆ ಅನ್ನಿಸುತ್ತದೆ. ಎರಡು ಬಿಡಿಕುರ್ಚಿಗಳನ್ನು ಟೀಪಾಯಿಯ ಎರಡು ತುದಿಗೆ ಇಡು, ಅವುಗಳ ಮುಂಗಾಲೂ ಕಂಬಳಿಗೆ ತಾಗುತ್ತವೆ. ಕೊಳ್ಳುವ ಮೊದಲು ಹಳೇ ಪೇಪರ್ ಜೋಡಿಸಿ ಅದೇ ಅಳತೆಗೆ ನೆಲದ ಮೇಲೆ ಹಾಸಿ ಎರಡು ದಿನ ಓಡಾಡಿ ನೋಡಿ. ಖರ್ಚಿಲ್ಲದ ಪರೀಕ್ಷೆ.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ದಾರ ಎದ್ದು ನಿಂತಿರುವ ಕಂಬಳಿಗೆ ಒಂದು ಒರಗು ಇರುತ್ತದೆ. ಕೈಯಾಡಿಸು, ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಒರಟು. ಒಂದು ತುದಿಯಿಂದ ನೋಡಿದರೆ ತಿಳಿಬಣ್ಣ, ಇನ್ನೊಂದರಿಂದ ಗಾಢ. ಬಾಗಿಲಲ್ಲಿ ನಿಂತವರಿಗೆ ಯಾವುದು ಕಾಣಬೇಕು ಅಂತ ನೋಡಿಕೊಂಡು ಹಾಸು. ಆಗಾಗ ತುದಿ ಬದಲಿಸಿ ತಿರುಗಿಸಿದರೆ ಕಿಟಕಿಯ ಬಿಸಿಲಿಗೆ ಒಂದೇ ಕಡೆ ಬಣ್ಣ ಮಾಸುವುದಿಲ್ಲ.

ಅಮ್ಮನಿಗಾಗಿ ಇದನ್ನು ಮಾತ್ರ ತಪ್ಪಿಸಬೇಡ: ಹೊಳಪು ಟೈಲ್ಸ್ ಮೇಲೆ ಬರೀ ಕಂಬಳಿ ಜಾರುತ್ತದೆ. ಕೆಳಗೆ ರಬ್ಬರ್ ಹಾಸು ಬೇಕೇ ಬೇಕು, ಕಂಬಳಿಗಿಂತ ನಾಲ್ಕೂ ಬದಿಗೆ ಒಂದಿಂಚು ಚಿಕ್ಕದಾಗಿ ಕತ್ತರಿಸಿದ್ದು. ಮೂಲೆ ಸುರುಳಿ ಎದ್ದರೆ ಎರಡೂ ಕಡೆ ಅಂಟುವ ಟೇಪು ಹಾಕಿ ಕೂರಿಸು. ದಪ್ಪ ದಾರದ್ದು ಬೇಡ, ಕಾಲು ಎಡವುತ್ತದೆ. ಹಾಗೇ ಅವರು ಕೂರುವ ಕುರ್ಚಿಯ ಸೀಟು ನೆಲದಿಂದ 18 ಇಂಚಿಗೆ ಕಡಿಮೆ ಇರದಿರಲಿ, ಕೈ ಊರಿ ಏಳಲು ಗಟ್ಟಿ ತೋಳೂ ಇರಲಿ. ಮೆತ್ತನೆಯ ತಗ್ಗು ಸೋಫಾದಿಂದ ಏಳುವುದು ಮಂಡಿಗೆ ಶಿಕ್ಷೆ.

ಬಣ್ಣದ ಬಗ್ಗೆ ನಿನಗೆ ನಾನೇನು ಹೇಳಲಿ, ನಿನ್ನ ಕಣ್ಣು ನನ್ನದಕ್ಕಿಂತ ಚುರುಕು.

ಹಿತ್ತಲ ಕಲ್ಲುಹಾಸಿನಲ್ಲೂ ಕೂರುವ ಜಾಗ ಮಾಡುವ ಯೋಚನೆ ನನಗೆ ತುಂಬಾ ಹಿಡಿಸಿತು. ಹೊರಗೂ ಲೆಕ್ಕ ಅದೇ, ಶತ್ರುಗಳು ಮಾತ್ರ ಬೇರೆ: ಬಿಸಿಲು, ನೀರು. ಸೆಣಬು, ಉಣ್ಣೆ ಹೊರಗೆ ಕೊಳೆಯುತ್ತವೆ. ಪಾಲಿಪ್ರೊಪಿಲೀನ್ ದಾರದ ಚಪ್ಪಟೆ ನೇಯ್ಗೆಯದು ತಗೊ. ಆ ದಾರ ನೀರು ಹೀರುವುದಿಲ್ಲ, ಪೈಪು ಹಿಡಿದು ತೊಳೆಯಬಹುದು. ಆದರೆ ಅದರಡಿಯ ನೆಲ ಒಣಗುವುದಿಲ್ಲ, ಪಾಚಿ ಕಟ್ಟುತ್ತದೆ. ಮಳೆ ಬಂದು ಹೋದ ಮೇಲೆ ಎತ್ತಿ ಕಂಬಿಯ ಮೇಲೆ ಹಾಕಲೇಬೇಕು. ಕಡುಗಪ್ಪು, ಕಡುನೀಲಿ ಬೇಡ, ಮಧ್ಯಾಹ್ನ ಬರಿಗಾಲಿಟ್ಟರೆ ಸುಡುತ್ತದೆ.

ಅಲ್ಲಿ ಊಟದ ಮೇಜು ಹಾಕುವುದಾದರೆ ಕಂಬಳಿ ಮೇಜಿನ ಅಂಚಿನಿಂದ ಸುತ್ತಲೂ 2 ಅಡಿ ಹೊರಗೆ ಚಾಚಿರಬೇಕು. ಇಲ್ಲದಿದ್ದರೆ ಕುರ್ಚಿ ಹಿಂದೆ ಸರಿಸಿದಾಗ ಹಿಂಗಾಲು ಅಂಚಿನಿಂದ ಜಾರಿ ಕೂತವರು ವಾಲುತ್ತಾರೆ. ಕಲ್ಲುಹಾಸಿಗೆ ನೀರು ಹರಿಯಲು ಇಳಿಜಾರು ಕೊಟ್ಟಿರುತ್ತಾರಲ್ಲ, ಅದರಿಂದ ಮೇಜು ಅಲುಗಾಡುತ್ತದೆ. ಕಾಲಿನ ತುದಿಯಲ್ಲಿ ತಿರುಚಿ ಎತ್ತರ ಸರಿಮಾಡುವಂಥದ್ದು ಕೇಳಿ ತಗೊ. ಕಬ್ಬಿಣದ ಕುರ್ಚಿ ಗಾಳಿಗೆ ಕದಲುವುದಿಲ್ಲ ನಿಜ, ಆದರೆ ಬಣ್ಣ ಕಿತ್ತುಬಂದ ಕಾಲಿನಿಂದ ಕಲ್ಲಿನ ಮೇಲೆ ತುಕ್ಕಿನ ಕಲೆ ಬೀಳುತ್ತದೆ. ಅಲ್ಯೂಮಿನಿಯಂ ಒಳ್ಳೆಯದು. ತೇಗದ್ದಾದರೆ ಬೂದುಬಣ್ಣಕ್ಕೆ ತಿರುಗಿತು ಅಂತ ಗಾಬರಿಯಾಗಬೇಡ. ಅದು ಬಿಸಿಲು ಮಳೆಗೆ ಮೇಲ್ಮೈ ಬಣ್ಣ ಬಿಡುವುದು, ಮರ ಕೆಟ್ಟಿದ್ದಲ್ಲ.

ಕಂಬಳಿ ಕೊಳ್ಳುವ ಮುಂಚೆ ಹಿತ್ತಲ ಬಾಗಿಲ ಕೆಳಗಿನ ಸಂದು ಎಷ್ಟಿದೆ ಅಂತ ಅಳೆದು ನನಗೆ ತಿಳಿಸು. ಬಾಗಿಲು ಹೊರಕ್ಕೆ ತೆರೆಯುವ ಹಾಗೆ ಫೋಟೋದಲ್ಲಿ ಕಂಡಿತು; ಹಾಗಿದ್ದರೆ ಕಂಬಳಿಯನ್ನು ಅದರ ತಿರುಗುವ ಸುತ್ತಿನಿಂದ ಆಚೆಗೆ ಹಾಸಬೇಕಾಗುತ್ತದೆ.

ಅಮ್ಮನಿಗೆ, ಭಾವನವರಿಗೆ ನಮಸ್ಕಾರ. ಮಕ್ಕಳಿಗೆ ಮುದ್ದು.

ಇಂತಿ ನಿನ್ನ
ತಮ್ಮ