ಒಂದನೇ ತಾರೀಖಿಗೆ ಮುಂಚೆ

ವಿಜಯಪುರ,
ಅಕ್ಟೋಬರ್ 27

ಪುಟ್ಟಿಗೆ ಮಾವನ ಆಶೀರ್ವಾದಗಳು.

ನವೆಂಬರ್ 1ರ ರಾಜ್ಯೋತ್ಸವಕ್ಕೆ ಬೆಳಗಾವಿಯಲ್ಲಿ ನಿನಗೇ ಪತ್ರಿಕೆಯ ಫೋಟೋ ಡ್ಯೂಟಿ ಬಿದ್ದಿದೆ ಎಂದು ನಿನ್ನಮ್ಮ ಫೋನ್ ಮಾಡಿದ್ದಳು. ದನಿಯಲ್ಲಿ ಹೆಮ್ಮೆಗಿಂತ ಗಾಬರಿಯೇ ಜಾಸ್ತಿ. ಚನ್ನಮ್ಮ ವೃತ್ತದಲ್ಲಿ ಹಳದಿ-ಕೆಂಪು ಬಾವುಟ, ಡಿಜೆ, ಕಾಲಿಡಲು ಜಾಗವಿಲ್ಲದಷ್ಟು ಹುಡುಗರು. ಅದೇ ದಿನ ಊರಿನ ಇನ್ನೊಂದು ಕಡೆ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಎಂಇಎಸ್‌ನವರ ಕರಾಳ ದಿನ. ನಡುವೆ ಪೊಲೀಸರು. ಅವರ ಜೊತೆ ನೀನು.

ನಿನ್ನಮ್ಮನಿಗೂ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಫಿಲ್ಮ್ ರೋಲಿನ ಕಾಲ. ಯಾವುದೋ ಬಂದ್. ಗಾಜು ಒಡೆದ ಬಸ್ಸಿನ ಪಕ್ಕ ಒಬ್ಬ ಹುಡುಗ ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದ. ಉದ್ದ ಲೆನ್ಸ್ ಹಾಕಿ ದೂರದಿಂದ ತೆಗೆದೆ. ಮರುದಿನ ಮುಖಪುಟದಲ್ಲಿ ಬಂತು, ಕೆಳಗೆ 'ಕಲ್ಲು ತೂರುತ್ತಿರುವ ಯುವಕ' ಎಂಬ ಸಾಲು. ಅವನು ಎದುರಿನ ಸೈಕಲ್ ಅಂಗಡಿಯ ಹುಡುಗ. ದಾರಿಗೆ ಅಡ್ಡ ಬಿದ್ದ ಕಲ್ಲು ಎತ್ತಿ ಬದಿಗೆ ಇಡುತ್ತಿದ್ದ, ಅಷ್ಟೆ. ನನ್ನ ನೆಗೆಟಿವ್‌ನಲ್ಲಿ ಮುಂದಿನ ಫ್ರೇಮಿನಲ್ಲೇ ಅದು ಕಾಣುತ್ತಿತ್ತು. ನಾನು ನೋಡಿರಲಿಲ್ಲ. ಠಾಣೆಗೆ ಕರೆದೊಯ್ದಿದ್ದಾರೆ ಎಂದು ಗೊತ್ತಾದ ಮೇಲೆ ನೆಗೆಟಿವ್ ಹಿಡಿದು ಓಡಿದೆ. ಸಂಜೆಗೆ ಬಿಟ್ಟರು. ಒಳಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು. ಅವನ ಅಪ್ಪ ನನ್ನನ್ನು ಬೈಯಲಿಲ್ಲ. ಕೂಡ್ರಿಸಿ ಚಹಾ ಕೊಟ್ಟ. ಗಂಟಲಲ್ಲಿ ಇಳಿಯಲಿಲ್ಲ.

ಅದಕ್ಕೇ ಹೇಳುವುದು. ಉದ್ದ ಲೆನ್ಸ್ ಹಾಕಿ ದೂರ ನಿಂತರೆ ಜನ ಒಬ್ಬರ ಮೇಲೊಬ್ಬರು ಬಿದ್ದಂತೆ ಕಾಣುತ್ತಾರೆ. 200 ಎಂಎಂನಲ್ಲಿ ಹದಿನೈದು ಜನರೂ ದೊಡ್ಡ ದೊಂಬಿಯೇ. ಪ್ರತಿ ಸಲ 24 ಎಂಎಂನ ಅಗಲ ಲೆನ್ಸಿನಲ್ಲೂ ಒಂದು ತೆಗೆ, ಸುತ್ತ ಏನಿದೆ ಎಂದು ಕಾಣಲಿ. ಎರಡನ್ನೂ ಆಫೀಸಿಗೆ ಕಳಿಸು. ಫೋಟೋದ ಕೆಳಗಿನ ಸಾಲು ನೀನೇ ಬರೆ. 'ತೂರುತ್ತಿರುವ' ಎಂದು ಬರೆಯಬೇಕಾದರೆ ಕಲ್ಲು ಕೈ ಬಿಟ್ಟದ್ದನ್ನು ನೀನು ನೋಡಿರಬೇಕು. ಕ್ಯಾಮೆರಾದ ಗಡಿಯಾರ ಹಿಂದಿನ ರಾತ್ರಿಯೇ ಸರಿ ಮಾಡಿಕೋ, ಯಾವುದು ಮೊದಲು ಯಾವುದು ಆಮೇಲೆ ಎಂಬ ಜಗಳ ಬಂದರೆ ಅದೇ ಸಾಕ್ಷಿ. ಪ್ರತಿ ಫೋಟೋ ಎರಡೂ ಮೆಮೊರಿ ಕಾರ್ಡಿಗೆ ಬರೆಯುವಂತೆ ಸೆಟ್ ಮಾಡು. ಯಾರಾದರೂ 'ಅಳಿಸು' ಎಂದು ಮೈಮೇಲೆ ಬಂದರೆ ವಾದ ಮಾಡಬೇಡ, ಇನ್ನೊಂದು ಕಾರ್ಡಿನಲ್ಲಿ ಪ್ರತಿ ಇರುತ್ತದೆ.

ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳ ವಿಷಯದಲ್ಲಿ ಕಾನೂನೇ ಇದೆ. ಪೋಕ್ಸೋ ಕಾಯ್ದೆಯ 23ನೇ ಕಲಂ ಓದಿಕೋ. ಮುಖಕ್ಕೆ ಮಸುಕು ಹಾಕಿದರೆ ಮುಗಿಯಿತು ಎಂದುಕೊಳ್ಳುವವರೇ ಜಾಸ್ತಿ. ಶಾಲೆ, ಮನೆಯವರು, ನೆರೆಹೊರೆ, ಯಾವುದರಿಂದಲೂ ಆ ಮಗುವಿನ ಗುರುತು ಸಿಗಬಾರದು. ಹಿಂದೆ ಕಾಣುವ ಶಾಲೆಯ ಬೋರ್ಡು ಸಾಕು, ಊರಿಗೆಲ್ಲ ಗೊತ್ತಾಗಲು.

2023ರ ಜನವರಿ ನೆನಪಿದೆ ಅಲ್ವಾ? ಸಿದ್ಧೇಶ್ವರ ಸ್ವಾಮಿಗಳು ಹೋದರು. ಸಮಾಧಿ, ಸ್ಮಾರಕ ಏನೂ ಬೇಡ, ದೇಹ ದಹನ ಮಾಡಿ ಎಂದು ಮೊದಲೇ ಬರೆದಿಟ್ಟವರು. ಮರುದಿನ ಸೈನಿಕ ಶಾಲೆಯ ಮೈದಾನಕ್ಕೆ ನಾನೂ ದರ್ಶನಕ್ಕೆ ಹೋಗಿದ್ದೆ, ಕ್ಯಾಮೆರಾ ಇಲ್ಲದೆ. ನಿವೃತ್ತನಾದರೂ ಬೆರಳು ಸುಮ್ನೆ ಇರುವುದಿಲ್ಲ ಬಿಡು. ಮುಖದ ಕ್ಲೋಸಪ್‌ಗಾಗಿ ಮುಂದೆ ನೂಕಾಟ ನಡೆದಿತ್ತು. ಒಬ್ಬ ಹುಡುಗ ಮಾತ್ರ ಆ ಕಡೆ ಬೆನ್ನು ಮಾಡಿ ಜನರ ಸಾಲನ್ನು ತೆಗೆಯುತ್ತಿದ್ದ. ಹೆಗಲ ಮೇಲೆ ಚಾದರ, ಕೈಯಲ್ಲಿ ಬುತ್ತಿಗಂಟು, ಗಂಟೆಗಟ್ಟಲೆ ನಿಂತ ಕಾಲು. ಫ್ಲ್ಯಾಶ್ ಇಲ್ಲ. ಯಾರೋ ಅಜ್ಜಿ ಕೈ ಅಡ್ಡ ಹಿಡಿದಾಗ ಕ್ಯಾಮೆರಾ ಇಳಿಸಿ ತಲೆ ಬಾಗಿಸಿದ. ಅವನ ಹೆಸರು ಕೇಳಬೇಕಿತ್ತು, ಕೇಳಲಿಲ್ಲ.

ನನ್ನ ಹಳೇ 24 ಎಂಎಂ ಲೆನ್ಸನ್ನು ನಾಳೆ ಬೆಳಗಾವಿಗೆ ಹೊರಟ ಗೆಳೆಯನೊಬ್ಬನ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋಕಸ್ ರಿಂಗ್ ಸ್ವಲ್ಪ ಬಿಗಿ. ಚಪ್ಪಲಿ ಬೇಡ, ಬೂಟು ಹಾಕಿಕೋ. ರಾತ್ರಿ ಎಷ್ಟೇ ಹೊತ್ತಾದರೂ ಅಮ್ಮನಿಗೊಂದು ಫೋನ್ ಮಾಡು.

ನಿನ್ನ ಮಾವ