ಪುಟ್ಟಿಯ ಮಂಡಿ ಬಾವು: ಗೆಳೆಯನಿಗೊಂದು ಪತ್ರ

ಗೆಳೆಯಾ,

ಪುಟ್ಟಿಯನ್ನು ಬೆಂಗಳೂರಿಗೆ ಕರೆತರುತ್ತಿದ್ದೀಯಲ್ಲ, ಒಳ್ಳೆಯದಾಯಿತು. ಕೀಲು ಆರು ವಾರವಾದರೂ ಊದಿಕೊಂಡೇ ಇದ್ದರೆ ಎಲ್ಲೋ ಬಿದ್ದಿರಬೇಕು ಅಂತ ಸುಮ್ನೆ ಕೂರುವ ಹಾಗಿಲ್ಲ. "ಇಷ್ಟು ಚಿಕ್ಕ ಮಗುವಿಗೆ ಎಲ್ಲಿಯ ಸಂಧಿವಾತ?" ಅಂತ ನಮ್ಮ ಮನೆಯಲ್ಲೂ ಹಿರಿಯರು ನಕ್ಕಿದ್ದರು. ಹದಿನಾರು ತುಂಬುವ ಮೊದಲೇ ಬರುವ ಇದಕ್ಕೆ ಡಾಕ್ಟರುಗಳು ಜೆಐಎ (ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಅಂದರೆ ಕಾರಣ ಗೊತ್ತಿಲ್ಲದ ಮಕ್ಕಳ ಸಂಧಿವಾತ) ಅನ್ನುತ್ತಾರೆ.

ಇದೇ ಕಾಯಿಲೆಗೆ ನಮ್ಮ ಮಗನನ್ನು ತೋರಿಸಿದಾಗ ಡಾಕ್ಟರು ಫೈಲ್ ಮುಟ್ಟಲೇ ಇಲ್ಲ. "ಬೆಳಿಗ್ಗೆ ಎದ್ದ ತಕ್ಷಣ ಹೇಗೆ ನಡೀತಾನೆ?" ಅಂತ ಕೇಳಿದರು. ನಾವು ಹೋಗಿದ್ದು ಮಧ್ಯಾಹ್ನ. ಅಷ್ಟೊತ್ತಿಗೆ ಇವನು ವರಾಂಡದಲ್ಲಿ ಓಡಾಡಿಕೊಂಡಿದ್ದ! ಪುಣ್ಯಕ್ಕೆ ಹೆಂಡತಿ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟಿದ್ದಳು. ಗೋಡೆ ಹಿಡಿದುಕೊಂಡು, ಎಡಗಾಲು ಮಡಚದೆ, ಬಚ್ಚಲಿಗೆ ಹೋಗುವುದು. ಡಾಕ್ಟರು ಅದನ್ನು ಮತ್ತೆ ಹಾಕಿಸಿಕೊಂಡು ನೋಡಿದರು. ನೀನೂ ಒಂದು ಮಾಡಿಟ್ಟುಕೋ. ಆಮೇಲೆ ನೆಲದ ಮೇಲೆ ಕೂರಿಸಿ ಎಬ್ಬಿಸಿದರು. ದವಡೆಯಿಂದ ಕಾಲ್ಬೆರಳ ತನಕ ಒಂದೊಂದೇ ಕೀಲು ಆಡಿಸಿ ನೋಡಿದರು. ಟೇಪು ಹಿಡಿದು ಎರಡೂ ಕಾಲು ಅಳೆದರು. ಬಾವಿರುವ ಕಾಲು ಇನ್ನೊಂದಕ್ಕಿಂತ ಉದ್ದ ಬೆಳೆಯುವುದುಂಟಂತೆ.

ಆರ್‌ಎ ಫ್ಯಾಕ್ಟರ್ (ಸಂಧಿವಾತಕ್ಕೆ ಮಾಡುವ ರಕ್ತಪರೀಕ್ಷೆ) ಪುಟ್ಟಿಗೆ ನೆಗೆಟಿವ್ ಬಂದಿದೆ ಅಂತ ನಿರಾಳವಾಗಬೇಡ. ಈ ಕಾಯಿಲೆ ಇರುವ ಹೆಚ್ಚಿನ ಮಕ್ಕಳಲ್ಲಿ ಅದು ನೆಗೆಟಿವ್ವೇ. ಎಎನ್‌ಎ ಅನ್ನುವ ಇನ್ನೊಂದು ರಕ್ತಪರೀಕ್ಷೆ ಏನಾಗಿದೆ ಅಂತ ಕೇಳು. ಅದು ಪಾಸಿಟಿವ್ ಇದ್ದು ಮಗು ಚಿಕ್ಕದಾಗಿದ್ದರೆ ಕಣ್ಣಿನೊಳಗೆ ಉರಿಯೂತ ಆಗುವ ಸಂಭವ ಜಾಸ್ತಿ. ಸಾಮಾನ್ಯವಾಗಿ ಕಣ್ಣು ಕೆಂಪಾಗುವುದಿಲ್ಲ, ನೋಯುವುದೂ ಇಲ್ಲ. ಮಗು ಏನಂತ ಹೇಳೀತು? ಬಿಟ್ಟರೆ ದೃಷ್ಟಿಯೇ ಹೋಗಬಹುದು. ಅದಕ್ಕೇ ಇಂಥ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ (ಕಣ್ಣೊಳಗೆ ಬೆಳಕು ಬಿಟ್ಟು ನೋಡುವ ಸೂಕ್ಷ್ಮದರ್ಶಕ) ಮುಂದೆ ಗದ್ದ ಊರಿಸಿ ಕೂರಿಸುವುದು. ಮಂಡಿ ನೋವಿಗೆ ಕಣ್ಣಾಸ್ಪತ್ರೆ ಯಾಕೆ ಅಂತ ಕೇಳುವವರು ಕೇಳಲಿ, ನೀನು ಮಾತ್ರ ತಪ್ಪಿಸಬೇಡ.

ಒಂದೇ ಕೀಲಾದರೆ ಅಲ್ಲಿಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಡಬಹುದು. ಕೀಲಿನ ಉರಿಯೂತ ತಗ್ಗಿಸುವ ಮೆಥೋಟ್ರೆಕ್ಸೇಟ್ ಬರೆದರೆ ಅದು ವಾರಕ್ಕೆ ಒಂದೇ ಸಲ, ದಿನಾ ಕೊಟ್ಟರೆ ಅಪಾಯ. ವಾರದ ಯಾವ ದಿನ ಅಂತ ಚೀಟಿಯಲ್ಲೇ ಬರೆಸಿಕೋ. ಗೂಗಲ್ ಮಾಡಿದರೆ ಕ್ಯಾನ್ಸರ್ ಔಷಧಿ ಅಂತ ತೋರಿಸುತ್ತದೆ, ಹೆದರಬೇಡ, ಇಲ್ಲಿ ಡೋಸು ಬಹಳ ಕಡಿಮೆ. ಹೊಟ್ಟೆ ತೊಳಸುವುದಂತೂ ನಿಜ. ನಮ್ಮವನದು ಭಾನುವಾರದ ಮಾತ್ರೆ, ಶನಿವಾರ ಸಂಜೆಯೇ ಮುಖ ಸಿಂಡರಿಸಿಕೊಂಡು ಕೂರುತ್ತಾನೆ.

ರಾತ್ರಿ ಬಸ್ಸಿನಲ್ಲಿ ಬಂದು ನೇರ ಆಸ್ಪತ್ರೆಗೆ ಹೋಗುವುದು ಬೇಡ, ಅಷ್ಟು ಹೊತ್ತು ಕೂತರೆ ಮಂಡಿ ಬಿಗಿಯುತ್ತದೆ. ಹಿಂದಿನ ದಿನವೇ ಬಂದು ನಮ್ಮಲ್ಲಿ ಉಳಿದುಕೊಳ್ಳಿ. ಲಸಿಕೆ ಕಾರ್ಡ್ ತಾ. ಔಷಧಿ ಶುರುವಾದ ಮೇಲೆ ಕೆಲವು ಲಸಿಕೆ ಕೊಡುವ ಮುಂಚೆ ಡಾಕ್ಟರನ್ನು ಕೇಳಬೇಕಾಗುತ್ತದೆ.

ನಿನ್ನ ಗೆಳೆಯ